ಕೊಲಂಬಿಯಾ ಅಳಿವೆಯಲ್ಲಿ ಕಿಂಗ್ ಸಾಲ್ಮನ್‌ಗೆ ಗಾಳ: ಗೈಡ್ ಜೊತೆ ಮೊದಲ ಸಲ ಹೋಗುವವರಿಗೆ

ಜುಲೈ ಬಂತೆಂದರೆ ನನಗೆ ಒಂದೇ ಥರದ ಫೋನು ಬರತೊಡಗುತ್ತವೆ. "ಊರಿಂದ ಭಾವ ಬಂದಿದ್ದಾರೆ, ಸಾಲ್ಮನ್ ಹಿಡಿಯೋಕೆ ಹೋಗಬೇಕಂತೆ, ಒಳ್ಳೆ ಗೈಡ್ ಯಾರಾದ್ರೂ ಇದ್ರೆ ನಂಬರ್ ಕೊಡಿ." ನಂಬರ್ ಕೊಡುವುದು ಸುಲಭ. ಆದರೆ ಅವರಲ್ಲಿ ಅರ್ಧ ಜನ ತಪ್ಪು ದಿನಕ್ಕೆ ಬುಕ್ ಮಾಡುತ್ತಾರೆ, ಉಳಿದರ್ಧ ಜನ ಕೈಗೆ ಬಂದ ಮೀನನ್ನು ರಾಡ್ ಎಳೆದೇ ಕಳೆದುಕೊಳ್ಳುತ್ತಾರೆ. ನಾನು ಇವೆರಡನ್ನೂ ಮಾಡಿದವನು. ಹಾಗಾಗಿ ಇನ್ನು ಮೇಲೆ ಫೋನಿನಲ್ಲಿ ಹೇಳುವ ಬದಲು ಈ ಬರಹವನ್ನೇ ಕಳಿಸೋಣ ಅಂತ ಕೂತಿದ್ದೇನೆ.

ನಾನಿರುವುದು ಅಮೆರಿಕದ ಒರೆಗಾನ್ ರಾಜ್ಯದಲ್ಲಿ, ಪೋರ್ಟ್‌ಲೆಂಡ್ ಪಕ್ಕದ ಹಿಲ್ಸ್‌ಬರೋದಲ್ಲಿ. ಊರು ಕುಂದಾಪುರ ಕಡೆ. ಗಂಗೊಳ್ಳಿ ಅಳಿವೆ ನೋಡುತ್ತಾ ಬೆಳೆದವನಿಗೆ ಕೊಲಂಬಿಯಾ ನದಿಯ ಬಾಯಿ ನೋಡಿದಾಗ ಮೊದಲು ಅನಿಸಿದ್ದು, ಇದೂ ಅಳಿವೆಯೇ, ಆದರೆ ಆಚೆ ದಡ ಕಾಣುವುದೇ ಕಷ್ಟ ಎಂದು. ಈ ದಡದ ಅಸ್ಟೋರಿಯಾ ಊರಿನಿಂದ ಆಚೆ ದಡದ ವಾಷಿಂಗ್ಟನ್ ರಾಜ್ಯಕ್ಕೆ ಹೋಗುವ ಸೇತುವೆಯೇ ಆರೂವರೆ ಕಿಲೋಮೀಟರ್ ಉದ್ದ. ಪೋರ್ಟ್‌ಲೆಂಡ್‌ನಿಂದ ಅಸ್ಟೋರಿಯಾಕ್ಕೆ ಕಾರಿನಲ್ಲಿ ಎರಡು ಗಂಟೆ. ಸಿಯಾಟಲ್‌ನಿಂದ ಮೂರೂವರೆ ಗಂಟೆ ಹಿಡಿಯಿರಿ.

ಕಿಂಗ್ ಸಾಲ್ಮನ್ ಅಂದರೆ ಎಲ್ಲರೂ ಅಲಾಸ್ಕಾ ಅನ್ನುತ್ತಾರೆ. ತಪ್ಪೇನಿಲ್ಲ. ಗಾಳಕ್ಕೆ ಬಿದ್ದ ಅತಿ ದೊಡ್ಡ ಕಿಂಗ್‌ನ ದಾಖಲೆ ಇವತ್ತಿಗೂ ಅಲಾಸ್ಕಾದ ಕೀನಾಯ್ ನದಿಯದ್ದೇ. 1985ರ ಮೇ ತಿಂಗಳಲ್ಲಿ ಲೆಸ್ ಆಂಡರ್ಸನ್ ಹಿಡಿದದ್ದು, 97 ಪೌಂಡ್ 4 ಔನ್ಸ್, ಅಂದರೆ 44 ಕೆಜಿ. ಆದರೆ ಅದೇ ಕೀನಾಯ್‌ನಲ್ಲಿ ಕಿಂಗ್‌ಗಳ ಸಂಖ್ಯೆ ಎಷ್ಟು ಇಳಿಯಿತೆಂದರೆ 2023 ಮತ್ತು 2024ರಲ್ಲಿ ಅಲ್ಲಿ ಕಿಂಗ್ ಹಿಡಿಯುವುದನ್ನೇ ನಿಲ್ಲಿಸಿಬಿಟ್ಟಿದ್ದರು. ಹಾಗಾಗಿ ಈ ಕಡೆ ಇರುವ ನಮ್ಮವರು ವಿಮಾನ ಹತ್ತುವ ಮೊದಲು ಮನೆ ಹತ್ತಿರದ ನದಿಯನ್ನು ಒಮ್ಮೆ ನೋಡುವುದು ಒಳ್ಳೆಯದು. ಇಲ್ಲಿನವರು ಈ ಮೀನನ್ನು ಚಿನೂಕ್ ಅನ್ನುತ್ತಾರೆ. ಕಿಂಗ್, ಚಿನೂಕ್ ಎರಡೂ ಒಂದೇ.

ಯಾವ ಹೊತ್ತಿಗೆ ಬರುತ್ತದೆ?

ಕೊಲಂಬಿಯಾಕ್ಕೆ ಚಿನೂಕ್ ಮೂರು ಸಲ ಬರುತ್ತದೆ. ವಸಂತದ್ದು ಮಾರ್ಚ್‌ನಿಂದ ಮೇವರೆಗೆ. ಇಲ್ಲಿಯವರು ಅದನ್ನು ಸ್ಪ್ರಿಂಗರ್ ಅನ್ನುತ್ತಾರೆ, ತಿನ್ನಲು ಅದರಷ್ಟು ರುಚಿ ಬೇರೆ ಇಲ್ಲ, ಆದರೆ ಹಿಡಿಯಲು ಸಿಗುವ ದಿನಗಳು ಕಡಿಮೆ, ಚಳಿ ಮಳೆ ಬೇರೆ. ಬೇಸಿಗೆಯದ್ದು ಜೂನ್, ಜುಲೈ. ಮೂರನೆಯದೇ ದೊಡ್ಡ ದಂಡು, ಆಗಸ್ಟ್‌ನಿಂದ ಅಕ್ಟೋಬರ್. ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಈ ಮೂರನೆಯದನ್ನೇ. ಅದರಲ್ಲೂ ಆಗಸ್ಟ್ ಎರಡನೇ ಭಾಗ, ನದಿಯ ಬಾಯಲ್ಲಿ.

ಆ ಜಾಗಕ್ಕೆ ಬೂಯಿ 10 ಎಂದೇ ಹೆಸರು. ಹಡಗುಗಳಿಗೆ ದಾರಿ ತೋರಿಸಲು ನೀರಲ್ಲಿ ತೇಲಿಬಿಟ್ಟಿರುವ ಬೂಯಿಗಳಲ್ಲಿ 10 ಎಂಬ ಸಂಖ್ಯೆಯ ಕೆಂಪು ಬೂಯಿ ಅದು. ಅದರಿಂದ ಒಳಗೆ ನದಿ, ಹೊರಗೆ ಸಮುದ್ರ, ಕಾನೂನಿನ ಲೆಕ್ಕದಲ್ಲಿ. ಸಮುದ್ರದಲ್ಲಿ ಮೂರ್ನಾಲ್ಕು ವರ್ಷ ತಿಂದು ಕೊಬ್ಬಿದ ಮೀನು ಊರಿಗೆ ಹೊರಟು ಮೊದಲು ಬಂದು ನಿಲ್ಲುವುದು ಇಲ್ಲಿ. ನದಿಯೊಳಗೆ ಹೊಕ್ಕ ಮೇಲೆ ಅದು ಹೆಚ್ಚುಕಮ್ಮಿ ಊಟ ಬಿಡುತ್ತದೆ, ಮೈಯಲ್ಲಿರುವ ಕೊಬ್ಬನ್ನೇ ಸುಟ್ಟುಕೊಂಡು ಮೇಲಕ್ಕೆ ಹೋಗಿ ಮೊಟ್ಟೆ ಇಟ್ಟು ಸಾಯುತ್ತದೆ. ಅಳಿವೆಯಲ್ಲಿ ಇರುವಾಗ ಮಾತ್ರ ಇನ್ನೂ ಸಮುದ್ರದ ಅಭ್ಯಾಸ ಬಿಟ್ಟಿರುವುದಿಲ್ಲ, ಎರೆಗೆ ಬಾಯಿ ಹಾಕುತ್ತದೆ. ಅದಕ್ಕೇ ಆಗಸ್ಟ್‌ನಲ್ಲಿ ಅಲ್ಲಿ ಬೋಟುಗಳ ಜಾತ್ರೆ.

ಇನ್ನೊಂದು ಆಯ್ಕೆ ಹ್ಯಾನ್‌ಫರ್ಡ್ ರೀಚ್. ಅದು ಒಳನಾಡು, ಪೂರ್ವ ವಾಷಿಂಗ್ಟನ್. ಅಣೆಕಟ್ಟುಗಳ ನಡುವೆ ಸುಮಾರು 80 ಕಿಲೋಮೀಟರ್ ಮಾತ್ರ ನದಿ ತನ್ನ ಪಾಡಿಗೆ ಹರಿಯುವ ಜಾಗ. ದಡದಲ್ಲಿ ಹಳೆಯ ಅಣು ರಿಯಾಕ್ಟರ್‌ಗಳು ನಿಂತಿವೆ. ನಾಗಸಾಕಿಯ ಬಾಂಬಿಗೆ ಪ್ಲುಟೋನಿಯಂ ಹೋದದ್ದು ಇಲ್ಲಿಂದಲೇ. ಆ ಸರ್ಕಾರಿ ಜಾಗಕ್ಕೆ ದಶಕಗಳ ಕಾಲ ಯಾರನ್ನೂ ಬಿಡದೇ ಇದ್ದದ್ದರಿಂದ ನದಿಯ ಆ ತುಂಡು ಉಳಿಯಿತು, ಮೀನೂ ಉಳಿಯಿತು. ಎಂಥ ವಿಚಿತ್ರ ನೋಡಿ. ಅಲ್ಲಿ ಅಲೆ ಇಲ್ಲ, ವಾಂತಿ ಇಲ್ಲ, ಸೆಪ್ಟೆಂಬರ್ ಕೊನೆ ಅಕ್ಟೋಬರ್ ಮೊದಲು ಒಳ್ಳೆಯ ಕಾಲ. ಸಣ್ಣ ಮಕ್ಕಳು, ವಯಸ್ಸಾದ ಅಪ್ಪ ಅಮ್ಮ ಇದ್ದರೆ ನಾನು ಅಲ್ಲಿಗೇ ಕಳಿಸುತ್ತೇನೆ. ಇಲ್ಲಿ ಮುಂದೆ ಬರೆಯುವುದೆಲ್ಲ ಅಳಿವೆಯ ಬಗ್ಗೆ.

ಗೈಡ್‌ಗಿಂತ ಮೊದಲು ದಿನ ಹುಡುಕಿ

ಇದೇ ಈ ಬರಹದ ಮುಖ್ಯ ಮಾತು, ಉಳಿದದ್ದು ಮರೆತರೂ ಪರವಾಗಿಲ್ಲ.

ನಾನು ಮೊದಲ ಸಲ ಬುಕ್ ಮಾಡಿದ್ದು ಸೆಪ್ಟೆಂಬರ್ ಮೊದಲ ಸೋಮವಾರ ಬರುವ ಲೇಬರ್ ಡೇ ರಜೆಯ ವಾರಾಂತ್ಯಕ್ಕೆ. ಯಾಕೆ? ರಜ ಇತ್ತು. ಅಷ್ಟೇ ಕಾರಣ. ಆ ವಾರ ಅಮಾವಾಸ್ಯೆ. ನೀರು ಹೊರಗೆ ಓಡುವ ರಭಸಕ್ಕೆ ಸೀಸದ ಗುಂಡು ತಳ ಮುಟ್ಟುತ್ತಲೇ ಇರಲಿಲ್ಲ, ಗಾಳಕ್ಕೆ ಬರೀ ಕಸಕಡ್ಡಿ, ಮಧ್ಯಾಹ್ನದ ಗಾಳಿಗೆ ಅಲೆ ಎದ್ದು ನನ್ನ ಜೊತೆ ಬಂದಿದ್ದ ಇಬ್ಬರು ಬೋಟಿನ ಅಂಚು ಹಿಡಿದು ಕೂತವರು ದಡ ಬರುವವರೆಗೂ ತಲೆ ಎತ್ತಲಿಲ್ಲ. ಆರು ಜನ, ಒಂದೂ ಮೀನಿಲ್ಲ. ಗೈಡ್‌ನ ತಪ್ಪೇನೂ ಇರಲಿಲ್ಲ. ದಿನವೇ ಕೆಟ್ಟದ್ದು.

ಉಬ್ಬರ ಇಳಿತದ ಲೆಕ್ಕ ನಮಗೆ ಗೊತ್ತಿಲ್ಲದ್ದೇನಲ್ಲ. ಹುಣ್ಣಿಮೆ ಅಮಾವಾಸ್ಯೆಗೆ ನೀರಿನ ಏರಿಳಿತ ಜೋರು. ಅಷ್ಟಮಿ ಕಳೆದು ಒಂದೆರಡು ದಿನಕ್ಕೆ ಅದು ಮೆತ್ತಗಾಗುತ್ತದೆ. ಕರಾವಳಿಯ ಯಾವ ಮೀನುಗಾರನನ್ನು ಕೇಳಿದರೂ ಇದನ್ನು ಹೇಳುತ್ತಾನೆ. ಚಂದ್ರ ಎಲ್ಲ ಕಡೆಗೂ ಒಬ್ಬನೇ ಅಲ್ವಾ? ಅಡುಗೆಮನೆಯಲ್ಲಿ ನೇತುಹಾಕಿರುವ ಕನ್ನಡ ಕ್ಯಾಲೆಂಡರ್ ತೆಗೆಯಿರಿ, ಆಗಸ್ಟ್ 15ರ ನಂತರ ಅಷ್ಟಮಿಯಿಂದ ದಶಮಿವರೆಗಿನ ದಿನಗಳಿಗೆ ಪೆನ್ಸಿಲ್‌ನಲ್ಲಿ ಸುತ್ತು ಹಾಕಿ. ಶುಕ್ಲಪಕ್ಷವೋ ಕೃಷ್ಣಪಕ್ಷವೋ ಯಾವುದಾದರೂ ಆಗಬಹುದು. ಆಮೇಲೆ ಅಮೆರಿಕ ಸರ್ಕಾರದ ನೋವಾ (NOAA) ಸಂಸ್ಥೆಯ ಉಬ್ಬರದ ಪಟ್ಟಿಯಲ್ಲಿ ಅಸ್ಟೋರಿಯಾ ಹಾಕಿ, ಆ ದಿನಗಳಲ್ಲಿ ನೀರು ತುಂಬಿ ನಿಲ್ಲುವ ಹೊತ್ತು ನೋಡಿ. ತುಂಬಿ ನಿಲ್ಲುವುದಕ್ಕೆ ಒಂದು ಗಂಟೆ ಮೊದಲು, ಒಂದು ಗಂಟೆ ಆಮೇಲೆ, ಬಹಳಷ್ಟು ಗೈಡ್‌ಗಳು ಕಾಯುವುದು ಈ ಎರಡು ಗಂಟೆಗೇ. ಅದು ಬೆಳಗ್ಗೆ 8ರಿಂದ 11ರ ಒಳಗೆ ಬಿದ್ದರೆ ಚಿನ್ನದಂಥ ದಿನ. ಗಾಳಿ ಏಳುವ ಮೊದಲು ಕೆಲಸ ಮುಗಿದಿರುತ್ತದೆ. ಪ್ರತಿ ದಿನ ಈ ಹೊತ್ತು ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ, ಅದನ್ನು ನೆನಪಿಟ್ಟರೆ ವಾರದ ಲೆಕ್ಕ ನೀವೇ ಹಾಕಬಹುದು.

ಹೀಗೆ ಎರಡೋ ಮೂರೋ ದಿನ ಆರಿಸಿಕೊಂಡು ಆಮೇಲೆ ಗೈಡ್‌ಗೆ ಫೋನ್ ಮಾಡಿ. ವಾರದ ನಡುವಿನ ದಿನವಾದರೆ ಇನ್ನೂ ಒಳ್ಳೆಯದು, ಒಂದು ದಿನ ರಜೆ ಹಾಕಿ. ಶನಿವಾರ ಅಲ್ಲಿನ ಬೋಟುಗಳ ಸಂಖ್ಯೆ ನೋಡಿದರೆ ಬೆಂಗಳೂರಿನ ಸಿಲ್ಕ್ ಬೋರ್ಡ್ ನೆನಪಾಗುತ್ತದೆ.

ಗೈಡ್‌ನ ಹತ್ತಿರ ಏನು ಕೇಳಬೇಕು

ಒಳ್ಳೆಯ ಗೈಡ್‌ಗಳ ಆಗಸ್ಟ್ ದಿನಗಳು ಚಳಿಗಾಲದಲ್ಲೇ ತುಂಬಿಹೋಗುತ್ತವೆ. ಜುಲೈನಲ್ಲಿ ಫೋನ್ ಮಾಡಿದರೆ ಸಿಗುವುದು ಯಾರೋ ಬಿಟ್ಟುಕೊಟ್ಟ ಸೀಟು. ಅದೂ ಸಿಗುತ್ತದೆ, ಒಬ್ಬರೋ ಇಬ್ಬರೋ ಆದರೆ. ತಲೆಗೆ ಸಾಮಾನ್ಯವಾಗಿ 250ರಿಂದ 350 ಡಾಲರ್. ಬೋಟಿಗೆ ಆರು ಜನರಿಗಿಂತ ಜಾಸ್ತಿ ಹತ್ತಿಸುವುದಿಲ್ಲ, ಅವರ ಕೋಸ್ಟ್ ಗಾರ್ಡ್ ಲೈಸೆನ್ಸ್ ಇರುವುದೇ ಅಷ್ಟಕ್ಕೆ. ನೀವೇ ಆರು ಜನ ಸೇರಿದರೆ ಇಡೀ ಬೋಟು ನಿಮ್ಮದು, ಇಲ್ಲದಿದ್ದರೆ ಗುರುತಿಲ್ಲದವರ ಜೊತೆ. ನನಗೆ ಗುರುತಿಲ್ಲದವರ ಜೊತೆಯೇ ಇಷ್ಟ, ಅವರಿಂದ ಕಲಿಯುವುದು ಜಾಸ್ತಿ.

ಫೋಟೋ ನೋಡಿ ಗೈಡ್ ಆರಿಸಬೇಡಿ. ಎಲ್ಲರ ಹತ್ತಿರವೂ ದೊಡ್ಡ ಮೀನು ಎತ್ತಿಕೊಂಡು ನಗುವ ಫೋಟೋ ಇರುತ್ತದೆ. ಒರೆಗಾನ್‌ನಲ್ಲಿ ಗೈಡ್‌ಗಳು ರಾಜ್ಯದ ಮರೀನ್ ಬೋರ್ಡ್‌ನಲ್ಲಿ ನೋಂದಣಿ ಮಾಡಿಸಿರಬೇಕು, ಅದನ್ನು ಕೇಳಲು ಸಂಕೋಚ ಬೇಡ. ಆಮೇಲೆ ಹವಾಮಾನ ಕೆಟ್ಟು ಬೋಟು ಹೊರಡದಿದ್ದರೆ ಮುಂಗಡ ವಾಪಸ್ಸೋ, ಬೇರೆ ದಿನವೋ, ಹೋಯಿತೋ, ಇದನ್ನು ಬರಹದಲ್ಲಿ ತೆಗೆದುಕೊಳ್ಳಿ. ಚಿನೂಕ್ ಇಟ್ಟುಕೊಳ್ಳುವುದನ್ನು ಇಲಾಖೆಯವರು ಮಧ್ಯದಲ್ಲೇ ನಿಲ್ಲಿಸಿದರೆ ಏನು ಎಂದೂ ಕೇಳಿ, ಯಾಕೆಂದರೆ ಇದು ನಿಜವಾಗಿ ಆಗುತ್ತದೆ. ಒಂದು ವರ್ಷ ನಮ್ಮ ಸರದಿ ಬರುವ ಎರಡು ದಿನ ಮೊದಲು ಆದೇಶ ಬಂತು. ಹೋದೆವು, ಬೇರೆ ಜಾತಿಯ ಸಾಲ್ಮನ್ ಕೋಹೊ ಹಿಡಿದೆವು, ಚಿನೂಕ್ ಬಂದರೆ ಬಿಟ್ಟೆವು. ಗೈಡ್ ಇದನ್ನು ಮೊದಲೇ ಫೋನ್ ಮಾಡಿ ಹೇಳಬಹುದಿತ್ತು, ಹೇಳಲಿಲ್ಲ, ದಡದಲ್ಲಿ ಸೇರಿದಾಗ ಹೇಳಿದ. ಮುಂದಿನ ವರ್ಷ ಅವನ ಹತ್ತಿರ ಹೋಗಲಿಲ್ಲ.

ಇನ್ನೊಂದು ಪ್ರಶ್ನೆ ಕೇಳಲು ನಮ್ಮವರು ನಾಚಿಕೊಳ್ಳುತ್ತಾರೆ. ಬೋಟಿನಲ್ಲಿ ಟಾಯ್ಲೆಟ್ ಇದೆಯಾ? ಏಳೆಂಟು ಗಂಟೆ ನೀರಿನ ಮೇಲೆ. ಬಹಳ ಬೋಟುಗಳಲ್ಲಿ ಇರುವುದು ಒಂದು ಬಕೆಟ್. ಹೆಂಗಸರು ಬರುವುದಾದರೆ ಬಾಗಿಲಿರುವ ಟಾಯ್ಲೆಟ್‌ನ ಬೋಟು ಹುಡುಕಿ, ಅಂಥವೂ ಇವೆ. ಇದನ್ನು ಕೇಳದೆ ಹೋಗಿ ಇಡೀ ದಿನ ನೀರು ಕುಡಿಯದೆ ಕೂತವರ ಕಥೆ ನನ್ನ ಮನೆಯಲ್ಲೇ ಇದೆ.

ಲೈಸೆನ್ಸ್

ಗೈಡ್ ಇದ್ದರೂ ನಿಮ್ಮ ಲೈಸೆನ್ಸ್ ನಿಮ್ಮದೇ. ಒರೆಗಾನ್‌ನಲ್ಲಿ 12 ವರ್ಷ ತುಂಬಿದ ಎಲ್ಲರಿಗೂ ಬೇಕು. ವಾಷಿಂಗ್ಟನ್‌ನಲ್ಲಿ 15 ತುಂಬಿದವರಿಗೆ. ನದಿ ಎರಡು ರಾಜ್ಯಗಳ ಗಡಿಯಾಗಿರುವ ಈ ಭಾಗದಲ್ಲಿ ಬೋಟಿನಿಂದ ಗಾಳ ಹಾಕಲು ಯಾವ ರಾಜ್ಯದ್ದಾದರೂ ನಡೆಯುತ್ತದೆ. ಊರಿಂದ ಬಂದ ನೆಂಟರಿಗೆ ಒಂದು ದಿನದ ಲೈಸೆನ್ಸ್ ಸಾಕು, ಆನ್‌ಲೈನ್‌ನಲ್ಲೇ ಸಿಗುತ್ತದೆ, ಪಾಸ್‌ಪೋರ್ಟ್ ಹತ್ತಿರ ಇಟ್ಟುಕೊಂಡು ಕೂರಿ. ಸಾಲ್ಮನ್‌ಗೆ ಬರೀ ಲೈಸೆನ್ಸ್ ಸಾಲುವುದಿಲ್ಲ, ಹಿಡಿದ ಮೀನನ್ನು ಬರೆದಿಡುವ ಟ್ಯಾಗ್ ಅಥವಾ ಕಾರ್ಡ್ ಕೂಡ ಬೇಕು. ಏನೇನು ಸೇರಿಸಬೇಕೆಂದು ಗೈಡ್‌ಗೆ ಒಂದು ಮೆಸೇಜ್ ಹಾಕಿದರೆ ಅವರೇ ಹೇಳುತ್ತಾರೆ, ದಿನಾ ಇದೇ ಪ್ರಶ್ನೆ ಅವರಿಗೆ. ಹಿಂದಿನ ರಾತ್ರಿಯೇ ಮುಗಿಸಿ. ಬೆಳಗಿನ ಜಾವ 5 ಗಂಟೆಗೆ ದಕ್ಕೆಯಲ್ಲಿ ನಿಂತು ಫೋನಿನ ಸಿಗ್ನಲ್ ಹುಡುಕುವುದು ಬೇಡ.

ನಿಯಮ ವಾರ ವಾರಕ್ಕೂ ಬದಲಾಗುತ್ತದೆ ಎನ್ನುವುದು ನಮ್ಮವರಿಗೆ ನಂಬಲು ಕಷ್ಟ. ಇವತ್ತು ಎರಡು ಸಾಲ್ಮನ್, ಅದರಲ್ಲಿ ಒಂದು ಮಾತ್ರ ಚಿನೂಕ್ ಅಂತಿರುತ್ತದೆ. ಮುಂದಿನ ವಾರ ಹ್ಯಾಚರಿ ಚಿನೂಕ್, ಅಂದರೆ ಮರಿ ಮಾಡಿಸುವ ಕೇಂದ್ರದಲ್ಲಿ ಬೆಳೆಸಿ ನದಿಗೆ ಬಿಟ್ಟದ್ದು, ಮಾತ್ರ. ಆಮೇಲೆ ಚಿನೂಕ್ ಇಲ್ಲವೇ ಇಲ್ಲ. ಯಾಕೆ ಇಷ್ಟು ಬಿಗಿ? ಕೊಲಂಬಿಯಾಕ್ಕೆ ಬರುವ ಮೀನೆಲ್ಲ ಒಂದೇ ಕುಲದ್ದಲ್ಲ. ಪಕ್ಕಪಕ್ಕದಲ್ಲಿ ಈಜುವ ಎರಡು ಮೀನಲ್ಲಿ ಒಂದು ಲಕ್ಷಗಟ್ಟಲೆ ಇರುವ ಗುಂಪಿನದು, ಇನ್ನೊಂದು ಸ್ನೇಕ್ ನದಿಗೆ ಹೋಗುವ, 1992ರಿಂದ ಅಪಾಯದಲ್ಲಿರುವ ಪಟ್ಟಿಗೆ ಸೇರಿದ ಗುಂಪಿನದು. ಒಳ್ಳೆಯ ವರ್ಷವೂ ಬರುತ್ತದೆ. 2013ರಲ್ಲಿ ಬಾನವಿಲ್ ಅಣೆಕಟ್ಟು ದಾಟಿದ ಶರತ್ಕಾಲದ ಚಿನೂಕ್ ಒಂಬತ್ತು ಲಕ್ಷಕ್ಕೂ ಜಾಸ್ತಿ. ಆದರೆ ಹಳಬರು ಹೇಳುವ ಜೂನ್ ಹಾಗ್ ಎನ್ನುವ ದೈತ್ಯ ಚಿನೂಕ್, ಕೆನಡಾದವರೆಗೂ ಈಜುತ್ತಿದ್ದವು, ಅವು ಈಗಿಲ್ಲ. ಗ್ರ್ಯಾಂಡ್ ಕೂಲಿ ಅಣೆಕಟ್ಟಿಗೆ ಮೀನು ಹತ್ತುವ ದಾರಿಯನ್ನೇ ಇಡಲಿಲ್ಲ. ಮೂಲನಿವಾಸಿಗಳು ಸಾವಿರಾರು ವರ್ಷ ಮೀನು ಹಿಡಿದ ಸೆಲೈಲೋ ಜಲಪಾತವೂ 1957ರ ಮಾರ್ಚ್‌ನಲ್ಲಿ ಇನ್ನೊಂದು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ಯಾಕಮಾ, ಉಮಟಿಲ್ಲಾ, ವಾರ್ಮ್ ಸ್ಪ್ರಿಂಗ್ಸ್, ನೆಜ್ ಪರ್ಸ್ ಜನ 1855ರ ಒಪ್ಪಂದದ ಹಕ್ಕಿನಂತೆ ಇವತ್ತೂ ಮೇಲಿನ ನದಿಯಲ್ಲಿ ಬಲೆ ಹಾಕುತ್ತಾರೆ. ಬೋಟಿನಲ್ಲಿ ಯಾರಾದರೂ ಆ ಬಲೆಗಳ ಬಗ್ಗೆ ಗೊಣಗಿದರೆ, ಗೊಣಗುತ್ತಾರೆ ಕೂಡ, ಈ ನದಿ ಮೊದಲು ಯಾರದಾಗಿತ್ತು ಎನ್ನುವುದು ನಿಮಗಾದರೂ ಗೊತ್ತಿರಲಿ.

ಹಿಂದಿನ ರಾತ್ರಿ

ಅಸ್ಟೋರಿಯಾದಲ್ಲೇ ಉಳಿಯಿರಿ. ಬೆಳಗಿನ ಜಾವ ಎರಡು ಗಂಟೆಗೆ ಎದ್ದು ಕಾರು ಓಡಿಸಿ ಬಂದವರಿಗೆ ಬೋಟಿನಲ್ಲಿ ಹೊಟ್ಟೆ ತೊಳಸುವುದು ಖಂಡಿತ. ಸಂಜೆ ಸಮಯವಿದ್ದರೆ ನದಿ ದಂಡೆಯಲ್ಲಿ ಒಂದು ಸುತ್ತು ಹಾಕಿ. ನೂರು ವರ್ಷದ ಹಿಂದೆ ಇಲ್ಲಿನ ಮರದ ಮಿಲ್ಲಿನಲ್ಲಿ ಪಂಜಾಬಿನ ಕೂಲಿಕಾರರು ಕೆಲಸ ಮಾಡುತ್ತಿದ್ದರು. 1913ರಲ್ಲಿ ಬ್ರಿಟಿಷ್ ಆಳ್ವಿಕೆಯ ವಿರುದ್ಧ ಎದ್ದ ಗದರ್ ಪಕ್ಷ ಹುಟ್ಟಿದ ಸಭೆ ನಡೆದದ್ದು ಇದೇ ಸಣ್ಣ ಊರಿನಲ್ಲಿ. ಅದರ ನೆನಪಿನ ಫಲಕವೂ ಇದೆ. ಮೀನು ಹಿಡಿಯಲು ಬಂದ ಭಾವನಿಗೆ ಅದನ್ನು ತೋರಿಸಿದಾಗ ಅವರು ಅಲ್ಲಿಂದ ಅರ್ಧ ಗಂಟೆ ಕದಲಲಿಲ್ಲ.

ವಾಂತಿ ಮಾತ್ರೆಯನ್ನು ಬೋಟು ಹತ್ತಿದ ಮೇಲೆ ನುಂಗಿದರೆ ಪ್ರಯೋಜನ ಕಡಿಮೆ. ಮೆಕ್ಲಿಜಿನ್ ಇರುವ ಮಾತ್ರೆ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಬೋಟು ಹತ್ತುವುದಕ್ಕೆ ಒಂದು ಗಂಟೆಯಾದರೂ ಮೊದಲು ತೆಗೆದುಕೊಳ್ಳಿ, ಬೇರೆ ಔಷಧಿ ತಿನ್ನುವವರು ಡಾಕ್ಟರನ್ನು ಕೇಳಿ. ಆಗಸ್ಟ್ ಅಂತ ಬರೀ ಟೀ ಶರ್ಟಿನಲ್ಲಿ ಬರಬೇಡಿ. ಬೆಳಗ್ಗೆ ನದಿಯ ಮೇಲೆ ಮಂಜು, ಚಳಿ. ಒಳಗೊಂದು ಉಣ್ಣೆಯದ್ದು, ಮೇಲೊಂದು ಮಳೆ ಜಾಕೆಟ್, ಒದ್ದೆಯಾದರೂ ಜಾರದ ಬೂಟು. 12 ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳು ಒರೆಗಾನ್‌ನಲ್ಲಿ ಲೈಫ್ ಜಾಕೆಟ್ ಹಾಕಿಕೊಂಡೇ ಇರಬೇಕು. ದೊಡ್ಡವರೂ ಹಾಕಿಕೊಳ್ಳಿ, ಮರ್ಯಾದೆ ಏನೂ ಹೋಗುವುದಿಲ್ಲ. ನದಿ ಸಮುದ್ರಕ್ಕೆ ಸೇರುವ ಆ ಬಾಯಿಗೆ ಪೆಸಿಫಿಕ್‌ನ ಸ್ಮಶಾನ ಎಂದು ಹೆಸರು ಬಂದದ್ದು ಸುಮ್ನೆ ಅಲ್ಲ. ಇಳಿತದ ನೀರು ಹೊರಗೆ ನುಗ್ಗುವಾಗ ಸಮುದ್ರದ ಅಲೆ ಎದುರಿಗೆ ಬಂದರೆ ಅಲ್ಲಿ ನೀರು ಗೋಡೆಯ ಹಾಗೆ ಏಳುತ್ತದೆ. "ಇವತ್ತು ಆ ಕಡೆ ಹೋಗೋದಿಲ್ಲ" ಎಂದು ಗೈಡ್ ಹೇಳಿದರೆ ವಾದ ಮಾಡಬೇಡಿ.

ಊಟಕ್ಕೆ ಚಿತ್ರಾನ್ನವೋ ಚಪಾತಿ ಪಲ್ಯವೋ ಕಟ್ಟಿಕೊಳ್ಳಿ. ಬಾಳೆಹಣ್ಣು ಮಾತ್ರ ಬೇಡ. ತಮಾಷೆಯಲ್ಲ. ಬೋಟಿನಲ್ಲಿ ಬಾಳೆಹಣ್ಣು ಇದ್ದರೆ ಮೀನು ಸಿಗುವುದಿಲ್ಲ ಎಂದು ಇಲ್ಲಿಯವರ ನಂಬಿಕೆ. ನಾನು ಒಮ್ಮೆ ಡಬ್ಬಿಯಿಂದ ಎರಡು ಹಣ್ಣು ತೆಗೆದಾಗ ಗೈಡ್‌ನ ಮುಖ ನೋಡಬೇಕಿತ್ತು, ಬೆಕ್ಕು ಅಡ್ಡ ಬಂದಾಗ ನಮ್ಮಜ್ಜಿ ಮಾಡುತ್ತಿದ್ದ ಮುಖ ಅದೇ. ಇನ್ನೊಂದು, ಸನ್‌ಸ್ಕ್ರೀನ್ ಹಚ್ಚಿದ ಕೈಯಲ್ಲಿ ಎರೆ ಮುಟ್ಟಬೇಡಿ. ಇದು ನಂಬಿಕೆಯಲ್ಲ. ಸಾಲ್ಮನ್ ತಾನು ಹುಟ್ಟಿದ ಹಳ್ಳವನ್ನು ವಾಸನೆಯಿಂದಲೇ ಗುರುತು ಹಿಡಿದು ವಾಪಸ್ ಬರುವ ಪ್ರಾಣಿ, ಅದರ ಮೂಗಿಗೆ ಎಲ್ಲ ಗೊತ್ತಾಗುತ್ತದೆ.

ನೀರಿನ ಮೇಲೆ

ಇಲ್ಲಿ ಗಾಳ ಎಸೆಯುವ ಕೆಲಸವೇ ಇಲ್ಲ. ಬೋಟು ನಿಧಾನ ಸಾಗುತ್ತಿರುತ್ತದೆ, ಹಿಂದೆ ಗಾಳಗಳು ಎಳೆದುಕೊಂಡು ಬರುತ್ತವೆ. ಕೊಕ್ಕೆಗೆ ಸಿಕ್ಕಿಸುವುದು ಹೆರಿಂಗ್, ನಮ್ಮ ಭೂತಾಯಿಯ ದಾಯಾದಿ. ತಲೆಯನ್ನು ಓರೆಯಾಗಿ ಕತ್ತರಿಸಿ ಸಿಕ್ಕಿಸಿದರೆ ನೀರಲ್ಲಿ ಗಾಯಗೊಂಡ ಮೀನಿನ ಹಾಗೆ ಗಿರಗಿರ ತಿರುಗುತ್ತದೆ. ಕಾವೇರಿಯಲ್ಲಿ ಭೀಮೇಶ್ವರಿ ಕಡೆ ಮಶೀರ್‌ಗೆ ರಾಗಿ ಉಂಡೆ ಹಾಕಿ ಕಾಯುತ್ತಿದ್ದವರಿಗೆ ಈ ಓಡುವ ಎರೆ ಹೊಸತು ಅನಿಸುತ್ತದೆ. ಅದರ ಮುಂದೆ ಫ್ಲ್ಯಾಷರ್ ಎಂದು ಅಂಗೈಗಿಂತ ಉದ್ದದ ಹೊಳೆಯುವ ಹಲಗೆ. ಅದಕ್ಕಿಂತ ಮುಂದೆ ಸೀಸದ ಗುಂಡು. ಇವೆಲ್ಲ ಗೈಡ್ ಕಟ್ಟಿಕೊಡುತ್ತಾನೆ. ನಿಮ್ಮ ಕೆಲಸ ರೀಲಿನ ಮೇಲಿರುವ ಅಂಕಿ ನೋಡಿಕೊಂಡು, ಅವನು 25 ಅಂದರೆ 25 ಅಡಿ ದಾರ ಬಿಡುವುದು. ನಿಧಾನವಾಗಿ ಬಿಡಿ. ಹೆಬ್ಬೆರಳು ರೀಲಿನ ಮೇಲೆ ಇರಲಿ. ಒಂದೇ ಸಲ ಬಿಟ್ಟರೆ ಎರೆ, ಹಲಗೆ, ಗುಂಡು ಮೂರೂ ಸೇರಿ ಜಡೆ ಹಾಕಿಕೊಳ್ಳುತ್ತವೆ. ಬಿಟ್ಟಾದ ಮೇಲೆ ರಾಡನ್ನು ಬೋಟಿನ ಅಂಚಿನ ಹಿಡಿಕೆಗೆ ಸಿಕ್ಕಿಸಿ ಕೂರಿ.

ಈಗ ಎರಡನೇ ಮುಖ್ಯ ಮಾತು. ರಾಡ್ ಮುಟ್ಟಬೇಡಿ.

ಚಿನೂಕ್ ಮೊದಲು ಎರೆಯನ್ನು ಕುಟುಕುತ್ತದೆ. ರಾಡಿನ ತುದಿ ಟಕ್ ಟಕ್ ಎಂದು ಎರಡು ಸಲ ಬಗ್ಗುತ್ತದೆ. ಕೆರೆಯಲ್ಲಿ ಎರೆಹುಳ ಹಾಕಿ ಗಾಳ ಹಿಡಿದು ಬೆಳೆದವರಿಗೆ ಆ ಕ್ಷಣ ಕೈ ತಾನಾಗಿ ಹೋಗುತ್ತದೆ, ಜಗ್ಗಿಬಿಡುತ್ತೇವೆ. ಅಲ್ಲೇ ಮೀನು ಹೋಯಿತು. ಅದರ ಬಾಯಲ್ಲಿ ಇನ್ನೂ ಕೊಕ್ಕೆ ಕೂತಿರುವುದಿಲ್ಲ. ನೀವು ಮಾಡಬೇಕಾದದ್ದು ಕೈ ಕಟ್ಟಿಕೊಂಡು ನೋಡುವುದು. ಟಕ್ ಟಕ್. ಮತ್ತೆ ಟಕ್. ಆಮೇಲೆ ಇದ್ದಕ್ಕಿದ್ದಂತೆ ಇಡೀ ರಾಡ್ ಬಿಲ್ಲಿನ ಹಾಗೆ ಬಗ್ಗಿ ತುದಿ ನೀರು ಮುಟ್ಟುತ್ತದೆ, ರೀಲ್ ಕಿರುಚಲು ಶುರು ಮಾಡುತ್ತದೆ. ಆಗ ಎದ್ದು, ಹಿಡಿಕೆಯಿಂದ ರಾಡ್ ತೆಗೆದು, ತುದಿ ಮೇಲೆತ್ತಿ. ಈ ನಡುವಿನ ನಾಲ್ಕೈದು ಸೆಕೆಂಡು ಇದೆಯಲ್ಲ, ಇಡೀ ದಿನದಲ್ಲಿ ಕಷ್ಟದ ಕೆಲಸ ಅದೊಂದೇ. ನಾನು ಮೂರು ವರ್ಷ ಅದರಲ್ಲಿ ಸೋತೆ. ನಾಲ್ಕನೇ ವರ್ಷ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ.

ಮೀನು ಓಡುವಾಗ ಓಡಲು ಬಿಡಿ, ರೀಲ್ ತಿರುಗಿಸಬೇಡಿ. ನಿಂತಾಗ ಸುತ್ತಿಕೊಳ್ಳಿ. ನಿಮ್ಮ ಕಡೆಗೇ ಓಡಿ ಬಂದರೆ ಹುಚ್ಚರ ಹಾಗೆ ಸುತ್ತಿ, ಯಾಕೆಂದರೆ ಎಷ್ಟೋ ಸಲ ಇಲ್ಲಿ ಕೊಕ್ಕೆಗೆ ಒಳಮುಳ್ಳು ಇರುವುದಿಲ್ಲ, ದಾರ ಒಂದು ಕ್ಷಣ ಸಡಿಲವಾದರೂ ಜಾರಿ ಹೋಗುತ್ತದೆ. ಉಳಿದವರು ತಮ್ಮ ದಾರ ಸುತ್ತಿಕೊಂಡು ಜಾಗ ಬಿಡಬೇಕು, ಮೊಬೈಲ್ ಎತ್ತಿ ವೀಡಿಯೋ ತೆಗೆಯುವುದು ಆಮೇಲೆ. ಬೋಟಿನ ಹತ್ತಿರ ಬಂದು ಬಲೆ ಕಂಡಾಗ ಮೀನು ಇನ್ನೊಂದು ಸಲ ಓಡುತ್ತದೆ, ಅದಕ್ಕೆ ತಯಾರಾಗಿರಿ. ಗೈಡ್ ಕೈಬಲೆ ಹಿಡಿದು "ಹಿಂದೆ ಹೋಗು" ಅಂದರೆ ರಾಡ್ ಎತ್ತಿಕೊಂಡೇ ಒಂದೊಂದು ಹೆಜ್ಜೆ ಹಿಂದೆ ಹೋಗಿ, ಮೀನಿನ ತಲೆ ತಾನಾಗಿ ಬಲೆಯ ಬಾಯಿಗೆ ಬರುತ್ತದೆ.

ಸಮುದ್ರಸಿಂಹಗಳು ಬೇರೆ ಇವೆ. ಅಸ್ಟೋರಿಯಾದ ದಕ್ಕೆಯಲ್ಲಿ ಹಿಂಡು ಹಿಂಡಾಗಿ ಮಲಗಿ ಬೊಗಳುವುದನ್ನು ಬೆಳಗ್ಗೆಯೇ ಕೇಳಿರುತ್ತೀರಿ. ನಿಮ್ಮ ಗಾಳದ ಮೀನಿಗೆ ಅವು ಹೊಂಚು ಹಾಕುತ್ತವೆ. ಒಮ್ಮೆ ನನ್ನ ಕೈಯಲ್ಲಿದ್ದ ರಾಡ್ ಎಳೆತ ಇದ್ದಕ್ಕಿದ್ದಂತೆ ಎಮ್ಮೆ ಎಳೆದ ಹಾಗಾಯಿತು, ಆಮೇಲೆ ಹಗುರ. ಮೇಲೆ ಬಂದದ್ದು ಬರೀ ತಲೆ. ಬೋಟಿನಲ್ಲಿದ್ದವರು ಪಾಪ ಅಂದರು. ನಾನು ಆ ತಲೆಯನ್ನು ಮನೆಗೆ ತಂದೆ, ಅದರ ಕಥೆ ಕೊನೆಗೆ.

ಇಟ್ಟುಕೊಳ್ಳುವುದೋ ಬಿಡುವುದೋ

ಮೊದಲು ಬಾಯಿ ನೋಡುತ್ತಾರೆ. ಕೆಳಗಿನ ಒಸಡು ಕಪ್ಪಾಗಿದ್ದರೆ ಚಿನೂಕ್, ಬೆಳ್ಳಗಿದ್ದರೆ ಕೋಹೊ. ಬಾಲದ ಮೇಲೆ, ಕೆಳಗೆ ಎರಡೂ ಕಡೆ ಚುಕ್ಕೆ ಇದ್ದರೂ ಚಿನೂಕ್. ಆಮೇಲೆ ಬೆನ್ನು. ಬಾಲಕ್ಕೆ ಸ್ವಲ್ಪ ಮೊದಲು ಹೆಬ್ಬೆರಳಿನ ತುದಿಯಷ್ಟು ಒಂದು ಕೊಬ್ಬಿನ ರೆಕ್ಕೆ ಇರುತ್ತದೆ. ಹ್ಯಾಚರಿಯಲ್ಲಿ ಮರಿಗಳನ್ನು ಬಿಡುವ ಮೊದಲು ಅದನ್ನು ಕತ್ತರಿಸಿರುತ್ತಾರೆ. ರೆಕ್ಕೆ ಇಲ್ಲ, ಗಾಯ ಮಾಗಿದ ಗುರುತಿದೆ ಎಂದರೆ ಹ್ಯಾಚರಿ ಮೀನು. ರೆಕ್ಕೆ ಇದ್ದರೆ ಕಾಡಿನದು ಎಂದು ಲೆಕ್ಕ, ನಿಯಮ ಆ ದಿನ ಹಾಗಿದ್ದರೆ ಬಿಡಬೇಕು. ಬಿಡಬೇಕಾದ ಮೀನನ್ನು ಪೂರ್ತಿಯಾಗಿ ನೀರಿನಿಂದ ಮೇಲೆತ್ತುವ ಹಾಗಿಲ್ಲ. ಫೋಟೋಗೆ ಕೂಡ. ಹತ್ತು ಕೆಜಿ ಮೀನು ಬಲೆಯಲ್ಲೇ ತಿರುಗಿ ಹೋಗುವುದನ್ನು ನೋಡಿ ಭಾವನ ಮುಖ ಸಣ್ಣದಾಯಿತು. "ಮುನ್ನೂರು ಡಾಲರ್ ಕೊಟ್ಟು ಹಿಡಿದು ಬಿಡೋದಾ?" ಎಂದರು. ಹೌದು. ಇದನ್ನು ಬೋಟು ಹತ್ತುವ ಮೊದಲೇ ಎಲ್ಲರಿಗೂ ಹೇಳಿಡಿ.

ಇಟ್ಟುಕೊಂಡರೆ ತಕ್ಷಣ ಟ್ಯಾಗ್‌ನಲ್ಲಿ ಬರೆಯಿರಿ, ಆಮೇಲೆ ಅಂದರೆ ದಂಡ. ಗೈಡ್ ಮೀನಿನ ತಲೆಗೊಂದು ಏಟು ಕೊಟ್ಟು, ಕಿವಿರು ಕತ್ತರಿಸಿ ರಕ್ತ ಹರಿಸಿ, ಐಸ್‌ಗೆ ಹಾಕುತ್ತಾನೆ. ಯಾರಾದರೂ ಇದನ್ನು ಬಿಟ್ಟು ಮೀನನ್ನು ಸುಮ್ನೆ ಡಬ್ಬಿಗೆ ಎಸೆದರೆ ನೀವೇ ಕೇಳಿ ಮಾಡಿಸಿ. ರುಚಿಯ ಅರ್ಧ ಅಲ್ಲೇ ಇದೆ.

ಎಲ್ಲ ಚಿನೂಕ್ ಒಂದೇ ರುಚಿಯಲ್ಲ ಎನ್ನುವುದನ್ನೂ ತಿಳಿದಿರಿ. ಟೂಲಿ ಎನ್ನುವವು ಬೇಗ ಮಾಗಿ ಕಪ್ಪಾಗುತ್ತವೆ, ಮಾಂಸ ಬಿಳಿಚಿರುತ್ತದೆ. ಅಪ್‌ರಿವರ್ ಬ್ರೈಟ್ ಎನ್ನುವವು ಹ್ಯಾನ್‌ಫರ್ಡ್ ಕಡೆಗೆ ದೂರ ಹೋಗಬೇಕಾದವು, ಬೆಳ್ಳಿಯ ಹಾಗೆ ಹೊಳೆಯುತ್ತವೆ, ಕೊಬ್ಬು ಜಾಸ್ತಿ. ಆದರೆ ಕಾನೂನು ಬಿಟ್ಟುಕೊಡಲು ಹೇಳದ ಮೀನು ಟೂಲಿಯೇ ಆಗಿದ್ದರೂ ಮೊದಲ ಸಲದವರು ಬಿಡಬೇಡಿ, ಹೊಗೆಯಲ್ಲಿಟ್ಟರೆ ಅದೂ ಚೆನ್ನಾಗಿರುತ್ತದೆ.

ದಡಕ್ಕೆ ಬಂದ ಮೇಲೆ

ಮೀನು ಸೀಳುವುದು ಬಹಳ ಕಡೆ ಗೈಡ್ ಅಥವಾ ಅವನ ಸಹಾಯಕನೇ. ಬಾಡಿಗೆಯ 15ರಿಂದ 20 ಪರ್ಸೆಂಟ್ ಟಿಪ್ ಕೊಡುವುದು ಇಲ್ಲಿಯ ವಾಡಿಕೆ, ನಗದು ಇಟ್ಟುಕೊಂಡಿರಿ. ಮೀನು ಸಿಗದಿದ್ದರೂ ಕೊಡಬೇಕಾ? ದುಡಿದಿದ್ದರೆ ಕೊಡಿ.

ಅವರು ಎರಡು ಬದಿಯ ಮಾಂಸ ಮಾತ್ರ ಕೊಟ್ಟು, ತಲೆ, ನಡುಮುಳ್ಳು, ಹೊಟ್ಟೆಯ ಅಂಚು ಎಲ್ಲವನ್ನೂ ಎಸೆಯುತ್ತಾರೆ. ಕತ್ತಿ ಹಾಕುವ ಮೊದಲೇ ಹೇಳಿ, ತಲೆ ನನಗೆ ಬೇಕು ಎಂದು. ಬೇರೆಯವರದ್ದನ್ನೂ ಕೇಳಿ, ಖುಷಿಯಿಂದ ಕೊಡುತ್ತಾರೆ. ಒಂದು ಸಲ ನಾನು ಒಂದು ಮೀನು ಹಿಡಿದು ನಾಲ್ಕು ತಲೆ ತಂದಿದ್ದೆ. ಮೊಟ್ಟೆಯನ್ನು ಗೈಡ್ ಎರೆಗೆ ಇಟ್ಟುಕೊಳ್ಳುವುದು ರೂಢಿ, ನಿಮಗೆ ಬೇಕಿದ್ದರೆ ಅದನ್ನೂ ಮೊದಲೇ ಹೇಳಬೇಕು.

ಮಾಂಸದ ನಡುವೆ ಸಾಲಾಗಿ ಸಣ್ಣ ಮುಳ್ಳುಗಳಿರುತ್ತವೆ, ಚಿಮಟದಿಂದ ಒಂದೊಂದಾಗಿ ಎಳೆಯಿರಿ. ಒಂದು ಊಟಕ್ಕೆ ಆಗುವಷ್ಟು ತುಂಡು ಮಾಡಿ ಗಾಳಿ ತೆಗೆದು ಪ್ಯಾಕ್ ಮಾಡಿ ಫ್ರೀಜರ್‌ಗೆ. ಯಾರಾದರೂ ಸುಶಿಯ ಹಾಗೆ ಹಸಿಯಾಗಿ ತಿನ್ನುತ್ತೇವೆ ಅಂದರೆ ಮೈನಸ್ 20 ಡಿಗ್ರಿಯಲ್ಲಿ 7 ದಿನ ಇಟ್ಟ ಮೇಲೆಯೇ, ಕಾಡು ಸಾಲ್ಮನ್‌ನಲ್ಲಿ ಹುಳ ಇರುತ್ತದೆ. ಮನೆಯ ಫ್ರೀಜರ್ ಅಷ್ಟು ತಣ್ಣಗಿರುವುದು ಅನುಮಾನ, ಬೇಯಿಸಿಯೇ ತಿನ್ನಿ.

ರವೆ ಫ್ರೈಗೆ ಈ ಮೀನು ನನಗೆ ಸರಿ ಅನಿಸುವುದಿಲ್ಲ, ಅದರ ಕೊಬ್ಬಿಗೆ ಎಣ್ಣೆಯೂ ಸೇರಿ ಎರಡು ತುಂಡಿಗೇ ಸಾಕೆನಿಸುತ್ತದೆ. ಉಪ್ಪು, ಅರಿಶಿನ, ಮೆಣಸಿನ ಪುಡಿ, ನಿಂಬೆ ಸವರಿ ಎಣ್ಣೆಯಿಲ್ಲದ ಕಾವಲಿಯಲ್ಲಿ ಚರ್ಮ ಕೆಳಗೆ ಮಾಡಿ ಇಟ್ಟರೆ ತನ್ನ ಕೊಬ್ಬಿನಲ್ಲೇ ಹುರಿಯುತ್ತದೆ. ತಲೆ ಮಾತ್ರ ಸಾರಿಗೆ. ಬ್ಯಾಡಗಿ ಮೆಣಸು, ಕೊತ್ತಂಬರಿ, ಬೆಳ್ಳುಳ್ಳಿ ಅರೆದು, ಕಾಯಿ ಯಾವಾಗಲೂ ಹಾಕುವುದರ ಅರ್ಧ ಸಾಕು, ಹುಳಿ ಒಂದೂವರೆ ಪಟ್ಟು. ಮಸಾಲೆ ಚೆನ್ನಾಗಿ ಕುದಿದ ಮೇಲೆ ತಲೆ ಹಾಕಿ, ಹತ್ತು ನಿಮಿಷಕ್ಕೆ ಒಲೆ ಆರಿಸಿ, ಸೌಟು ಹಾಕಿ ತಿರುಗಿಸಬೇಡಿ, ಪಾತ್ರೆಯನ್ನೇ ಅಲ್ಲಾಡಿಸಿ. ಸಮುದ್ರಸಿಂಹ ನನಗೆ ಬಿಟ್ಟುಕೊಟ್ಟ ಆ ತಲೆಯ ಸಾರು ಮಾರನೇ ದಿನ ಕುಚ್ಚಲಕ್ಕಿ ಅನ್ನಕ್ಕೆ ಇನ್ನೂ ಚೆನ್ನಾಗಿತ್ತು, ಹಾಗಾಗಿ ಮಾಡಿದ ದಿನವೇ ಪೂರ್ತಿ ಮುಗಿಸಬೇಡಿ.